ಆಟಕ್ಕೆ ಮುಂಚಿನ ಕಾಲು ಗಂಟೆ

ನಮ್ಮ ಹೈಸ್ಕೂಲಿನ ಸ್ಮರಣ ಸಂಚಿಕೆಗೆ ಹಳೇ ವಿದ್ಯಾರ್ಥಿನಿಯಾದ ನಾನೂ ಏನಾದರೂ ಬರೆದುಕೊಡಬೇಕೆಂದು ಸಂಪಾದಕಿಯರು ಕೇಳಿಕೊಂಡಾಗ ನಾನು ಮೊದಲು ಹಿಂಜರಿದೆನು. ಪದ್ಯ ಕಟ್ಟುವ ಶಕ್ತಿಯಾಗಲಿ, ಶಾಲೆಯ ಚರಿತ್ರೆಯನ್ನು ಕ್ರಮವಾಗಿ ನಿರೂಪಿಸುವ ಪಾಂಡಿತ್ಯವಾಗಲಿ ನನ್ನಲ್ಲಿ ಇಲ್ಲ. ನಾನು ಬಲ್ಲದ್ದು ಒಂದೇ ವಿಷಯ. 1983ರಿಂದ 2017ರ ವರೆಗೆ, ಮೂವತ್ತನಾಲ್ಕು ವರುಷ, ನಾನು ಹೆಣ್ಣು ಮಕ್ಕಳಿಗೆ ಬಾಸ್ಕೆಟ್‌ಬಾಲ್ ಆಟವನ್ನು ಕಲಿಸಿದವಳು. ಆದುದರಿಂದ ಆ ಆಟವನ್ನು ಕುರಿತು, ಅದರಲ್ಲಿಯೂ ಆಟವು ಪ್ರಾರಂಭವಾಗುವ ಮುಂಚಿನ ಕಾಲು ಗಂಟೆಯನ್ನು ಕುರಿತು ನಾಲ್ಕು ಮಾತು ಬರೆಯಲು ಒಪ್ಪಿದೆನು. ಇಷ್ಟು ಅಲ್ಪವಾದ ಸಂಗತಿಗೆ ಇಷ್ಟು ಪುಟಗಳೇತಕ್ಕೆ ಎಂದು ವಾಚಕರು ನಗಬಹುದು. ಆ ಕಾಲು ಗಂಟೆಯ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪು ಇದೆ. ಅದನ್ನು ಒಪ್ಪಿಕೊಳ್ಳುವುದಕ್ಕೆ ನನ್ನ ಹಳೆಯ ಶಾಲೆಯ ಪುಟಗಳಿಗಿಂತ ತಕ್ಕ ಸ್ಥಳ ನನಗೆ ತೋರಲಿಲ್ಲ.

ನಾನು ಈ ಶಾಲೆಯಲ್ಲಿ 1972ರಿಂದ 1976ರ ವರೆಗೆ ಓದಿದೆನು. ಆಗಿನ ಆಟದ ಅಂಗಣವು ಇಂದಿನಂತೆ ಸಿಮೆಂಟಿನದಾಗಿರಲಿಲ್ಲ. ಕೆಂಪು ಮಣ್ಣಿನ ನೆಲ. ಮಳೆಗಾಲ ಮುಗಿದ ಮೇಲೆ ಅದನ್ನು ಬಡಿದು ಸಮಮಾಡಿ ಸುಣ್ಣದ ಗೆರೆ ಎಳೆಯುತ್ತಿದ್ದರು. ಎರಡು ಕಡೆಗಳಲ್ಲಿ ಎರಡು ಮರದ ಕಂಬಗಳು, ಅವುಗಳ ಮೇಲೆ ಹಲಗೆ, ಹಲಗೆಗೆ ಕಬ್ಬಿಣದ ಬಳೆ. ಬಲೆಯು ಒಂದು ವರುಷ ಇದ್ದರೆ ಮರುವರುಷ ಇರುತ್ತಿರಲಿಲ್ಲ. ಆ ಅಂಗಣದ ಒಡತಿ ನಮ್ಮ ಡ್ರಿಲ್ ಟೀಚರಮ್ಮನವರು. ಮೋಟು ದೇಹ, ಬಿಳಿ ಕ್ಯಾನ್ವಾಸ್ ಬೂಟು, ಮೊಣಕೈ ತನಕ ಬರುವ ರವಿಕೆ, ಕೊರಳಲ್ಲಿ ಸೀಟಿ. ಅವರು ಸಿಟ್ಟುಗೊಂಡದ್ದನ್ನು ನಾವು ಕಂಡದ್ದು ಅಪರೂಪ. ಆದರೆ ಅವರ ಒಂದು ನಿಯಮವನ್ನು ಮೀರಿದವರು ಅಂದಿನ ಆಟಕ್ಕೆ ಎರವಾಗುತ್ತಿದ್ದರು.

ಆ ನಿಯಮ ಯಾವುದೆಂದರೆ, ಮೈ ಕಾಯದೆ ಯಾರೂ ಚೆಂಡು ಹಿಡಿಯಕೂಡದು. ಸಂಜೆ ನಾಲ್ಕೂವರೆಯ ಗಂಟೆ ಬಾರಿಸಿದೊಡನೆ ನಾವು ಪುಸ್ತಕದ ಚೀಲಗಳನ್ನು ಹುಣಿಸೆಯ ಮರದಡಿಯಲ್ಲಿ ಎಸೆದು ಚೆಂಡಿಗೆ ಕೈಚಾಚುವೆವು. ಟೀಚರಮ್ಮನವರು ಚೆಂಡನ್ನು ಸೊಂಟಕ್ಕೆ ಒತ್ತಿಕೊಂಡು, "ಕಾವಲಿ ಕಾಯಲಿ ಮಕ್ಕಳೇ, ಆಮೇಲೆ ದೋಸೆ" ಎನ್ನುವರು. ಮೊದಲು ಅಂಗಣದ ಸುತ್ತ ಎರಡು ಸುತ್ತು ಮೆಲ್ಲನೆಯ ಓಟ. ತರುವಾಯ ಹಿಮ್ಮಡಿಯ ಮೇಲೆ ನಡಿಗೆ, ಕಾಲ್ಬೆರಳುಗಳ ಮೇಲೆ ನಡಿಗೆ, ಮೊಣಕಾಲನ್ನು ಎದೆಯ ಕಡೆಗೆ ಎತ್ತುತ್ತ ಓಟ, ಏಡಿಯಂತೆ ಅಡ್ಡಡ್ಡಲಾಗಿ ಜಾರುನಡಿಗೆ, ತೋಳುಗಳನ್ನು ಗಾಣದಂತೆ ತಿರುಗಿಸುವುದು. ಇದೆಲ್ಲ ಮುಗಿದ ಮೇಲೆ ಇಬ್ಬಿಬ್ಬರಾಗಿ ಚೆಂಡನ್ನು ಕೊಟ್ಟು ತೆಗೆದುಕೊಳ್ಳುವುದು. ಬಲಗಡೆಯಿಂದಲೂ ಎಡಗಡೆಯಿಂದಲೂ ಓಡಿ ಬಂದು ಚೆಂಡನ್ನು ಬಳೆಗೆ ಹಾಕುವುದು. ಕಡೆಗೆ ಒಬ್ಬೊಬ್ಬರು ಐದೈದು ಫ್ರೀ ಥ್ರೋ. ಇಷ್ಟಾದರೆ ಕಾಲು ಗಂಟೆ ಕಳೆಯುತ್ತಿತ್ತು. ನಾವು ಇದಕ್ಕೆ "ಕಾವಲಿ ಪಾಠ"ವೆಂದು ಹೆಸರಿಟ್ಟು ಹಿಂದಿನಿಂದ ನಗುತ್ತಿದ್ದೆವು.

ಅದಕ್ಕಿಂತಲೂ ನಗೆಗೀಡಾದದ್ದು ಅವರ ಇನ್ನೊಂದು ಪದ್ಧತಿ. ಪಂದ್ಯ ನಡೆಯುತ್ತಿರುವಾಗ ಆಡುವವರು ಐವರು. ಮಿಕ್ಕವರು ಬೆಂಚಿನ ಮೇಲೆ ಕುಳಿತಿರುವರಷ್ಟೆ. ಟೀಚರಮ್ಮನವರು ಅವರನ್ನು ಕುಳಿತಿರಗೊಡುತ್ತಿರಲಿಲ್ಲ. ಐದೈದು ನಿಮಿಷಕ್ಕೊಮ್ಮೆ, "ಏಳಿ, ಹುಣಿಸೆಮರ ಮುಟ್ಟಿ ಬನ್ನಿ" ಎಂದು ಎಬ್ಬಿಸುವರು. ಪರಸ್ಥಳದ ಶಾಲೆಗಳವರ ಮುಂದೆ ಹಾಗೆ ಮರ ಮುಟ್ಟಿ ಬರುವುದೆಂದರೆ ನಮಗೆ ಪ್ರಾಣಸಂಕಟವಾಗುತ್ತಿತ್ತು. ನಾನು ಮೂರು ವರುಷ ಹೆಚ್ಚಾಗಿ ಬೆಂಚಿನಲ್ಲಿಯೇ ಇದ್ದವಳಾದುದರಿಂದ ಆ ಹುಣಿಸೆಮರವನ್ನು ಎಷ್ಟು ಸಾರಿ ಮುಟ್ಟಿದೆನೋ ಲೆಕ್ಕವಿಲ್ಲ. ನಾನು ಟೀಚರಾದರೆ ಮಕ್ಕಳಿಗೆ ಈ ಅವಮಾನವನ್ನು ಎಂದಿಗೂ ಮಾಡುವುದಿಲ್ಲವೆಂದು ಆಗಲೇ ನಿಶ್ಚಯಿಸಿಕೊಂಡಿದ್ದೆನು.

ಈ ಆಟದ ಹುಟ್ಟನ್ನು ಕುರಿತು ಎರಡು ಮಾತು ಹೇಳಿದರೆ ಅಪ್ರಸ್ತುತವಾಗದು. ಬೇರೆ ಅನೇಕ ಆಟಗಳಂತೆ ಇದು ಕಾಲಕ್ರಮದಲ್ಲಿ ತಾನಾಗಿ ಬೆಳೆದುದಲ್ಲ. ಒಬ್ಬ ಉಪಾಧ್ಯಾಯರು ಚಳಿಗಾಲದಲ್ಲಿ ಹೊರಗೆ ಆಡಲಾರದ ವಿದ್ಯಾರ್ಥಿಗಳಿಗಾಗಿ ಯೋಚಿಸಿ ಮಾಡಿದುದು. 1891ರ ಡಿಸೆಂಬರಿನಲ್ಲಿ ಅಮೇರಿಕಾದ ಸ್ಪ್ರಿಂಗ್‌ಫೀಲ್ಡ್ ನಗರದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬವರು ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಕಟ್ಟಿಸಿ, ಹದಿಮೂರು ನಿಯಮಗಳನ್ನು ಬರೆದು, ಆಟವನ್ನು ಪ್ರಾರಂಭಿಸಿದರು. ಬುಟ್ಟಿ ಹೋಗಿ ಕಬ್ಬಿಣದ ಬಳೆ ಬಂದರೂ ಆ ಹತ್ತು ಅಡಿಯ ಎತ್ತರ ಮಾತ್ರ ಇಂದಿಗೂ ಬದಲಾಗಿಲ್ಲ. ಮರುವರುಷವೇ, ಅಂದರೆ 1892ರಲ್ಲಿ, ಸ್ಮಿತ್ ಕಾಲೇಜೆಂಬ ಸ್ತ್ರೀವಿದ್ಯಾಲಯದಲ್ಲಿ ಸೆಂಡಾ ಬೆರೆನ್ಸನ್ ಎಂಬ ಉಪಾಧ್ಯಾಯಿನಿಯು ಅದನ್ನು ತನ್ನ ವಿದ್ಯಾರ್ಥಿನಿಯರಿಗೆ ಕಲಿಸಿದರು. ಹೆಂಗಸರಿಗೆ ಆಯಾಸವಾಗಬಾರದೆಂದು ಆಕೆ ಅಂಗಣವನ್ನು ಮೂರು ಭಾಗ ಮಾಡಿ, ಒಬ್ಬೊಬ್ಬಳೂ ತನ್ನ ಭಾಗದಲ್ಲಿಯೇ ಆಡತಕ್ಕದ್ದೆಂದು ಗೊತ್ತುಮಾಡಿದ್ದರು. ನಮ್ಮ ದೇಶದಲ್ಲಿ 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬವರು ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ವಿದ್ಯಾಲಯವನ್ನು ಸ್ಥಾಪಿಸಿದ ಮೇಲೆ, ಇಂಥ ಆಟಗಳು ದಕ್ಷಿಣದ ಶಾಲೆಗಳಲ್ಲಿ ಹರಡುವುದಕ್ಕೆ ದಾರಿಯಾಯಿತು. ಇಂದು ಹೆಣ್ಣು ಮಕ್ಕಳು ಇಪ್ಪತ್ತೆಂಟು ಮೀಟರು ಉದ್ದದ ಇಡೀ ಅಂಗಣದಲ್ಲಿ ಓಡುವರು, ನಿಲ್ಲುವರು, ತಿರುಗುವರು, ನೆಗೆಯುವರು. ಮೂರರಲ್ಲೊಂದು ಭಾಗದಲ್ಲಿ ನಿಂತು ಆಡಿದ ಕಾಲದವರಿಗಿಂತ ಇವರ ಮೈಗೆ ಹೆಚ್ಚು ಸಿದ್ಧತೆ ಬೇಕೆಂಬುದು ಇದರಿಂದಲೇ ತಿಳಿಯುವುದು.

ಇನ್ನು, ಮೈ ಕಾಯುವುದೆಂದರೇನು? ಕರಾವಳಿಯವರಾದ ನಮ್ಮ ತಾಯಿತಂದೆಗಳು, "ಈ ಸೆಕೆಯಲ್ಲಿ ಇನ್ನೇತರ ಕಾವು? ಬೆವರು ಸುರಿಯುತ್ತಿದೆಯಲ್ಲ!" ಎಂದು ಕೇಳುವುದುಂಟು. ಬೆವರುವುದು ಚರ್ಮ, ಕಾಯಬೇಕಾದುದು ಒಳಗಿನ ಸ್ನಾಯು. ಸುಮ್ಮನೆ ಕುಳಿತವರ ತೊಡೆಯ ಸ್ನಾಯುವು ದೇಹದ ಒಳಗಿನ ಶಾಖಕ್ಕಿಂತ ಒಂದೆರಡು ಡಿಗ್ರಿ ತಣ್ಣಗಿರುವುದು. ಓಡತೊಡಗಿದ ಮೊದಲ ಮೂರರಿಂದ ಐದು ನಿಮಿಷಗಳಲ್ಲಿ ಅದರ ಶಾಖವು ಬೇಗನೆ ಏರಿ, ಹತ್ತರಿಂದ ಇಪ್ಪತ್ತು ನಿಮಿಷಗಳೊಳಗೆ ಒಂದು ಮಟ್ಟದಲ್ಲಿ ನಿಲ್ಲುವುದು. ಸ್ನಾಯು ಬೆಚ್ಚಗಾದರೆ ಅದರ ಒಳಗಿನ ಬಿಗಿತ ಕಡಿಮೆಯಾಗುವುದು. ನರಗಳಲ್ಲಿ ಸಂದೇಶವು ಹೆಚ್ಚು ವೇಗವಾಗಿ ಹರಿಯುವುದು. ರಕ್ತವು ಹೆಚ್ಚಾಗಿ ಬರುವುದಲ್ಲದೆ ಅದರಲ್ಲಿರುವ ಪ್ರಾಣವಾಯುವು ಸ್ನಾಯುವಿಗೆ ಸುಲಭವಾಗಿ ಬಿಡುಗಡೆಯಾಗುವುದು. ಬಲವನ್ನು ಹುಟ್ಟಿಸುವ ರಾಸಾಯನಿಕ ಕ್ರಿಯೆಗಳು ಚುರುಕಾಗುವುವು.

ಇದು ಬರೀ ಊಹೆಯಲ್ಲ. 1945ರಲ್ಲಿಯೇ ಡೆನ್ಮಾರ್ಕಿನ ಆಸ್ಮುಸೆನ್ ಮತ್ತು ಬ್ಯೊಯ ಎಂಬ ವಿದ್ವಾಂಸರು ಸೈಕಲ್ ತುಳಿಯುವ ಯಂತ್ರದ ಮೇಲೆ ಪರೀಕ್ಷಿಸಿ, ಮೈ ಬೆಚ್ಚಗಾದ ಮೇಲೆ ಅದೇ ಕೆಲಸವನ್ನು ಮನುಷ್ಯನು ಹೆಚ್ಚು ಬೇಗ ಮಾಡಬಲ್ಲನೆಂದು ತೋರಿಸಿದರು. ಸ್ನಾಯುವಿನ ಶಾಖವು ಒಂದು ಡಿಗ್ರಿ ಏರಿದರೆ, ಸ್ವಲ್ಪ ಹೊತ್ತಿನ ಬಿರುಸಿನ ಕೆಲಸದಲ್ಲಿ ಶೇಕಡಾ 2ರಿಂದ 5ರಷ್ಟು ಲಾಭವುಂಟೆಂದು ನಂತರದ ಸಂಶೋಧಕರು ಲೆಕ್ಕಹಾಕಿರುವರು. 2010ರಲ್ಲಿ ಫ್ರಾಡ್ಕಿನ್ ಎಂಬಾಕೆಯೂ ಸಂಗಡಿಗರೂ 32 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಅಳೆದ ಸಾಮರ್ಥ್ಯಗಳಲ್ಲಿ ಶೇಕಡಾ 79ರಷ್ಟರಲ್ಲಿ ಮೈ ಕಾಯಿಸಿಕೊಂಡವರು ಮೇಲಾಗಿ ಕಂಡರು. ಉಳಿದವುಗಳಲ್ಲಿ ಲಾಭ ಕಾಣಲಿಲ್ಲ, ಕೆಲವಲ್ಲಿ ನಷ್ಟವೂ ಆಯಿತು. ಈ ಉಳಿದ ಭಾಗವನ್ನು ಮರೆಯಬಾರದು. ಯಾಕಂದರೆ, ಮೈ ಕಾಯಿಸುವ ರೀತಿಯು ತಪ್ಪಾದರೆ ಅದು ಉಪಕಾರಕ್ಕೆ ಬದಲಾಗಿ ಅಪಕಾರ ಮಾಡೀತು. ನನ್ನ ಕಥೆ ಇಲ್ಲಿಂದಲೇ ಪ್ರಾರಂಭವಾಗುವುದು.

ನಾನು ತರಬೇತಿ ಹೊಂದಿ ಮಲೆನಾಡಿನ ಅಂಚಿನಲ್ಲಿರುವ ಒಂದು ಪಟ್ಟಣದ ಶಾಲೆಯಲ್ಲಿ ಕೆಲಸಕ್ಕೆ ಸೇರಿದೆನು. ಆ ಕಾಲದ ಪುಸ್ತಕಗಳಲ್ಲಿ ಆಟಕ್ಕೆ ಮೊದಲು ಸ್ನಾಯುಗಳನ್ನು ಎಳೆದು ಹಿಡಿಯುವ ವ್ಯಾಯಾಮಗಳಿಗೆ ಬಹಳ ಪ್ರಾಶಸ್ತ್ಯವಿತ್ತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಗ್ಗಿ ಕಾಲ್ಬೆರಳು ಮುಟ್ಟಿ ಅರವತ್ತು ಎಣಿಸುವ ತನಕ ಹಾಗೆಯೇ ಇರಿಸುವುದು. ನೆಲದ ಮೇಲೆ ಕುಳ್ಳಿರಿಸಿ ಒಂದೊಂದು ಕಾಲನ್ನು ಒಂದೊಂದು ನಿಮಿಷ ಚಾಚಿಸುವುದು. ಇದು ನೋಡುವುದಕ್ಕೆ ಅಂದವಾಗಿತ್ತು, ಶಿಸ್ತಾಗಿತ್ತು. ಶಾಲೆಯ ವಾರ್ಷಿಕೋತ್ಸವಕ್ಕೆ ಬಂದ ದೊಡ್ಡವರು ಮೆಚ್ಚಿ ತಲೆದೂಗಿದರು. ಓಟವನ್ನು ನಾನು ಒಂದು ಸುತ್ತಿಗೆ ಇಳಿಸಿದೆನು. ಬೆಂಚಿನ ಮಕ್ಕಳನ್ನು ಮರ ಮುಟ್ಟಿ ಬರಲು ಅಟ್ಟುವ ಪದ್ಧತಿಯನ್ನಂತೂ ಬಿಟ್ಟೇಬಿಟ್ಟೆನು. ನನ್ನ ಮಕ್ಕಳು ಮಂಡಿಯ ಮೇಲೆ ಕೈಯಿಟ್ಟು, ನೆಟ್ಟಗೆ, ಚಿತ್ರದ ಗೊಂಬೆಗಳಂತೆ ಕುಳಿತಿರುತ್ತಿದ್ದರು. ಟೀಚರಮ್ಮನವರ ಕಾವಲಿ ಪಾಠವು ಹಳೆಯ ಕಾಲದ ಅಶಾಸ್ತ್ರೀಯವಾದ ರೂಢಿಯೆಂದು ನಾನು ನಂಬಿದ್ದೆನು.

1998ನೆಯ ಇಸವಿಯ ಡಿಸೆಂಬರು. ಜಿಲ್ಲೆಯ ಹೈಸ್ಕೂಲುಗಳ ಪಂದ್ಯಾಟದಲ್ಲಿ ನಮ್ಮ ತಂಡ ಅಂತಿಮ ಪಂದ್ಯಕ್ಕೆ ಬಂದಿತ್ತು. ಬೆಳಿಗ್ಗೆ ಎಂಟು ಗಂಟೆ. ಮಂಜು ಇನ್ನೂ ಕರಗಿರಲಿಲ್ಲ. ನಾವು ಬಂದ ಬಸ್ಸು ತಡವಾದುದರಿಂದ ಓಟಕ್ಕೆ ಸಮಯವಿಲ್ಲವೆಂದು, ಎಳೆತದ ವ್ಯಾಯಾಮಗಳನ್ನು ಮಾತ್ರ ಮಾಡಿಸಿ ಆಟಕ್ಕೆ ಇಳಿಸಿದೆನು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ, ಎತ್ತರದ ಮೈಕಟ್ಟಿನವಳು, ಬೆಂಚಿನಲ್ಲಿದ್ದಳು. ಆಕೆ ಮುಂದಿನ ವರುಷ ನಮ್ಮ ತಂಡದ ನಾಯಕಿಯಾಗತಕ್ಕವಳು. ಅರ್ಧ ಗಂಟೆಗೂ ಮೇಲ್ಪಟ್ಟು ಆ ಚಳಿಯಲ್ಲಿ ಆಕೆ ಕುಳಿತೇ ಇದ್ದಳು. ಎರಡನೆಯ ಅರ್ಧದಲ್ಲಿ ನಮ್ಮ ಒಬ್ಬ ಆಟಗಾರ್ತಿಗೆ ಐದನೆಯ ಫೌಲ್ ಆಗಿ ಹೊರಗೆ ಬರಬೇಕಾಯಿತು. ನಾನು ತಿರುಗಿ ಈಕೆಯ ಹೆಸರು ಕರೆದೆನು. ಹುಡುಗಿ ಸ್ವೆಟರು ಕಳಚಿ ಓಡಿದಳು. ಬಳೆಗೆ ತಾಗಿ ಮರಳಿದ ಮೊದಲನೆಯ ಚೆಂಡಿಗೇ ಎಲ್ಲರಿಗಿಂತ ಮೇಲಕ್ಕೆ ನೆಗೆದಳು. ಚೆಂಡನ್ನು ಹಿಡಿದಳು. ಇಳಿಯುವಾಗ ಬಲದ ಮೊಣಕಾಲು ಒಳಕ್ಕೆ ಬಾಗಿತು, ಬಿದ್ದಳು. ಯಾರೂ ಆಕೆಯನ್ನು ಮುಟ್ಟಿರಲಿಲ್ಲ.

ಮೊಣಕೀಲಿನ ಒಳಗೆ ತೊಡೆಯ ಎಲುಬನ್ನೂ ಕೆಳಗಾಲಿನ ಎಲುಬನ್ನೂ ಬಿಗಿದಿಡುವ, ವೈದ್ಯರು ಎ.ಸಿ.ಎಲ್. ಎಂದು ಕರೆಯುವ ತಂತುವೊಂದು ಕಡಿದುಹೋಗಿತ್ತು. ಶಸ್ತ್ರಚಿಕಿತ್ಸೆಗೆ ಬೇಕಾದ ಹಣವು ಆ ಮನೆಯವರಲ್ಲಿ ಇರಲಿಲ್ಲ. ಮೂರು ತಿಂಗಳ ತರುವಾಯ ನಡೆದಾಡಿದಳು; ಆಡಲಿಲ್ಲ. ಆಕೆಯ ತಂದೆಯವರು ನನ್ನ ಬಳಿಗೆ ಬಂದು, "ನಿಮ್ಮದೇನೂ ತಪ್ಪಿಲ್ಲ ಟೀಚರ್, ಅವಳ ಹಣೆಯಲ್ಲಿ ಬರೆದದ್ದು" ಎಂದರು. ನಾನು ಸುಮ್ಮನಿದ್ದೆನು. ಅವರ ಮಾತನ್ನು ಒಪ್ಪಿಕೊಳ್ಳುವುದು ಆಗ ನನಗೆ ಅನುಕೂಲವಾಗಿತ್ತು.

ಆ ಹುಡುಗಿ ಮೈ ಕಾಯಿಸಿಕೊಂಡಿದ್ದರೆ ಬೀಳುತ್ತಿರಲಿಲ್ಲವೆಂದು ನಾನು ಖಂಡಿತವಾಗಿ ಹೇಳಲಾರೆನು. ಚೆನ್ನಾಗಿ ಸಿದ್ಧವಾದವರಿಗೂ ಇಂಥ ಪೆಟ್ಟು ಆಗುವುದುಂಟು. ಆದರೆ ಆಕೆಗೆ ಕೊಡಬಹುದಾಗಿದ್ದ ರಕ್ಷೆಯನ್ನು ನಾನು ಕೊಡಲಿಲ್ಲವೆಂಬುದು ಖಂಡಿತ. ಇದು ನನಗೆ ಒಂದೇ ದಿನದಲ್ಲಿ ತಿಳಿದುಬರಲಿಲ್ಲ. ಅನಂತರದ ವರುಷಗಳಲ್ಲಿ ಒಂದೊಂದಾಗಿ ಓದಿ ತಿಳಿಯಬೇಕಾಯಿತು.

ಮೊದಲನೆಯದಾಗಿ, ಎಳೆತದ ವಿಷಯ. ನಿಂತಲ್ಲೇ ನಿಂತು ಸ್ನಾಯುವನ್ನು ಬಹಳ ಹೊತ್ತು ಎಳೆದು ಹಿಡಿದರೆ, ಒಡನೆಯೇ ಬರುವ ಆಟದಲ್ಲಿ ಅದರ ಬಲವು ಕುಂದುವುದೆಂದು ಅನೇಕ ಪರೀಕ್ಷೆಗಳಿಂದ ಗೊತ್ತಾಗಿದೆ. ಕೆನಡದ ಡೇವಿಡ್ ಬೆಹ್ಮ್ ಮೊದಲಾದ ನಾಲ್ವರು 2016ರಲ್ಲಿ ಪ್ರಕಟಿಸಿದ ವಿಮರ್ಶೆಯಂತೆ, ಅಂಥ ಎಳೆತದಿಂದ ಸಾಮರ್ಥ್ಯವು ಸರಾಸರಿ ಶೇಕಡಾ 3.7ರಷ್ಟು ಇಳಿಯುವುದು. ಒಂದೊಂದು ಸ್ನಾಯುವಿಗೆ ಅರವತ್ತು ಸೆಕೆಂಡಿಗಿಂತ ಕಡಿಮೆಯಾದರೆ ಇಳಿತವು 1.1; ಅರವತ್ತಕ್ಕೆ ಮುಟ್ಟಿದರೆ ಅಥವಾ ಮೀರಿದರೆ 4.6. ಚಲಿಸುತ್ತಲೇ ಅಂಗಗಳನ್ನು ಬೀಸಿ ಬಿಡಿಸುವ ವ್ಯಾಯಾಮದಿಂದಾದರೋ ಸರಾಸರಿ 1.3ರಷ್ಟು ಏರಿಕೆ. ಮೂವತ್ತು ಸೆಂಟಿಮೀಟರು ನೆಗೆಯುವ ಹುಡುಗಿಗೆ 4.6 ಎಂದರೆ ಒಂದು ಬೆರಳಿನ ಅಗಲ. ಬಳೆಯ ಕೆಳಗೆ ಎರಡು ಕೈಗಳು ಒಂದೇ ಚೆಂಡಿಗೆ ಏರಿದಾಗ ಚೆಂಡು ಯಾರದಾಗುವುದೆಂಬುದನ್ನು ಆ ಒಂದು ಬೆರಳೇ ತೀರ್ಮಾನಿಸುವುದು. ನಾನು ಅರವತ್ತು ಎಣಿಸುತ್ತಿದ್ದೆನಷ್ಟೆ! ಆದರೂ ಎಳೆತವೇ ಕೆಟ್ಟದ್ದೆಂದು ಯಾರೂ ತಿಳಿಯಬಾರದು. ಆಟ ಮುಗಿದ ಮೇಲೆ, ಅಥವಾ ಬೇರೆ ಹೊತ್ತಿನಲ್ಲಿ, ಅದರಿಂದ ಕೀಲುಗಳು ಸಡಿಲವಾಗುವುವು. ತಪ್ಪಿದ್ದುದು ಅದರ ಹೊತ್ತಿನಲ್ಲಿ.

ಎರಡನೆಯದಾಗಿ, ಬೆಂಚಿನ ವಿಷಯ. ಡೆನ್ಮಾರ್ಕಿನ ಸಂಶೋಧಕರು 2004ರಲ್ಲಿ ಕಾಲ್ಚೆಂಡಿನ ಆಟಗಾರರನ್ನು ಪರೀಕ್ಷಿಸಿದಾಗ, ಅರ್ಧವಿರಾಮದ ಕಾಲು ಗಂಟೆಯಲ್ಲಿ ಸುಮ್ಮನೆ ಕುಳಿತವರ ಸ್ನಾಯುವಿನ ಶಾಖವು ಸುಮಾರು ಎರಡು ಡಿಗ್ರಿ ಇಳಿದು, ಅವರ ಓಟದ ವೇಗವೂ ತಗ್ಗಿತು. ವಿರಾಮದಲ್ಲಿ ಸ್ವಲ್ಪ ಓಡಾಡಿದವರಿಗೆ ಹಾಗಾಗಲಿಲ್ಲ. 2012ರಲ್ಲಿ ಗ್ರೀಸ್ ದೇಶದವರು ಬಾಸ್ಕೆಟ್‌ಬಾಲ್ ಆಟಗಾರರನ್ನೇ ತೆಗೆದುಕೊಂಡು, ಮೈ ಕಾಯಿಸಿದ ಮೇಲೆ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ನಿಮಿಷ ಕುಳ್ಳಿರಿಸಿ ನೋಡಿದರು. ಕುಳಿತಷ್ಟೂ ನೆಗೆತ ಕುಗ್ಗಿತು, ಓಟ ನಿಧಾನವಾಯಿತು. ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಯಾಕಂದರೆ ಹುಣಿಸೆಮರವು ಕಣ್ಣಿಗೆ ಕಟ್ಟಿತು. ಒಲೆಯಿಂದ ಇಳಿಸಿಟ್ಟ ಕಾವಲಿ ಆರಿಹೋಗುವುದನ್ನು ನಮ್ಮ ಟೀಚರಮ್ಮನವರು ಯಾವ ಯಂತ್ರದ ಸಹಾಯವೂ ಇಲ್ಲದೆ ಬಲ್ಲವರಾಗಿದ್ದರು. ಇಂದಿನ ಅಂತರರಾಷ್ಟ್ರೀಯ ನಿಯಮದಂತೆ ತಂಡದಲ್ಲಿ ಹನ್ನೆರಡು ಮಂದಿ ಇರಬಹುದು. ಅವರಲ್ಲಿ ಏಳು ಮಂದಿ ಯಾವಾಗಲೂ ಕುಳಿತಿರುವವರೇ. ತಂಡದ ಅರ್ಧಕ್ಕಿಂತ ಹೆಚ್ಚು ಮಕ್ಕಳನ್ನು ನಾನು ಅಂದಕ್ಕಾಗಿ ಆರಿಸಿಟ್ಟಿದ್ದೆನು.

ಮೂರನೆಯದು ಹೆಣ್ಣು ಮಕ್ಕಳಿಗೆ ವಿಶೇಷವಾಗಿ ಸಂಬಂಧಪಟ್ಟದ್ದು. ಓಡಿ, ತಟ್ಟನೆ ನಿಂತು, ನೆಗೆದು ಇಳಿಯುವ ಆಟಗಳಲ್ಲಿ ಎ.ಸಿ.ಎಲ್. ಕಡಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಪ್ರಾಯಕ್ಕೆ ಬರುವ ವಯಸ್ಸಿನಲ್ಲಿ ಎತ್ತರವು ಬೇಗನೆ ಬೆಳೆದರೂ ಮೊಣಕಾಲನ್ನು ನೆಟ್ಟಗೆ ಹಿಡಿಯುವ ತೊಡೆ ಸೊಂಟಗಳ ಬಲವು ಅದೇ ವೇಗದಲ್ಲಿ ಬೆಳೆಯದಿರುವುದು ಅದರ ಕಾರಣಗಳಲ್ಲೊಂದು. ಆದರೆ ಇಳಿಯುವ ರೀತಿಯನ್ನು ಕಲಿಸಬಹುದು. ಅಮೇರಿಕಾದ ಷಿಕಾಗೋ ನಗರದ ಸರಕಾರಿ ಹೈಸ್ಕೂಲುಗಳಲ್ಲಿ ಕಾಲ್ಚೆಂಡು ಮತ್ತು ಬಾಸ್ಕೆಟ್‌ಬಾಲ್ ಆಡುವ 1492 ಹುಡುಗಿಯರನ್ನು ಕುರಿತು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಕೆಲವು ತಂಡಗಳ ಶಿಕ್ಷಕರಿಗೆ ಇಪ್ಪತ್ತು ನಿಮಿಷದ ಒಂದು ಕ್ರಮವನ್ನು ಹೇಳಿಕೊಟ್ಟರು: ಬಲ, ಸಮತೋಲ, ನೆಗೆತ, ಮೆತ್ತಗೆ ಇಳಿಯುವುದು, ಇವೆಲ್ಲ ಕೂಡಿದ ಮೈಗಾವು. ಮಿಕ್ಕ ತಂಡಗಳು ತಮ್ಮ ವಾಡಿಕೆಯಂತೆ ನಡೆದುಕೊಂಡವು. ಆ ಋತುವಿನ ಕೊನೆಯಲ್ಲಿ, ಕ್ರಮವನ್ನು ಅನುಸರಿಸಿದ ತಂಡಗಳಲ್ಲಿ ಕಾಲಿನ ಪೆಟ್ಟುಗಳು ಸ್ಪಷ್ಟವಾಗಿ ಕಡಿಮೆಯಾಗಿದ್ದುವು. ಅವರು ನಮ್ಮ ಮಕ್ಕಳಂಥವರೇ. ಹೈಸ್ಕೂಲಿನವರು, ಸಾಮಾನ್ಯ ಮನೆಗಳವರು. ಆ ಕ್ರಮಕ್ಕೆ ಬೆಲೆಬಾಳುವ ಯಂತ್ರಗಳೇನೂ ಬೇಕಾಗಿರಲಿಲ್ಲ.

ಹೀಗೆ ತಿಳಿದ ಮೇಲೆ, ನನ್ನ ಉದ್ಯೋಗದ ಕಡೆಯ ವರುಷಗಳಲ್ಲಿ ನಾನು ಮಕ್ಕಳಿಗೆ ಮಾಡಿಸುತ್ತಿದ್ದ ಕ್ರಮವನ್ನು ಇಲ್ಲಿ ಬರೆಯುವೆನು, ಯಾರಿಗಾದರೂ ಉಪಯೋಗವಾಗಲಿ. ಮೊದಲಿನ ನಾಲ್ಕೈದು ನಿಮಿಷ ಮೆಲ್ಲನೆಯ ಓಟ, ಹಿಮ್ಮುಖವಾದ ಓಟ, ಅಡ್ಡ ಜಾರುನಡಿಗೆ; ಉಸಿರು ಏರಬೇಕು, ಆದರೆ ಪಕ್ಕದವಳೊಡನೆ ಮಾತಾಡಲು ಆಗುವಷ್ಟು ಇರಬೇಕು. ಅನಂತರದ ನಾಲ್ಕೈದು ನಿಮಿಷ ನಡೆಯುತ್ತಲೇ ಕೀಲುಗಳನ್ನು ಬಿಡಿಸುವುದು: ಉದ್ದ ಹೆಜ್ಜೆಯಿಟ್ಟು ಮೊಣಕಾಲು ಬಗ್ಗಿಸುವುದು, ಕಾಲು ಬೀಸುವುದು, ಒಂದೇ ಕಾಲಿನ ಮೇಲೆ ನಿಂತು ಬಗ್ಗಿ ಏಳುವುದು, ಭುಜ ತಿರುಗಿಸುವುದು. ಮೂರನೆಯದಾಗಿ, ಎರಡು ಕಾಲಿನಿಂದ ನೆಗೆದು ಬೆಕ್ಕಿನಂತೆ ಸದ್ದಿಲ್ಲದೆ ಇಳಿಯುವುದು. ಮೊಣಕಾಲುಗಳು ಒಂದನ್ನೊಂದು ನೋಡದೆ ಪಾದದ ನೇರಕ್ಕೆ ಇರಬೇಕು. ಇದನ್ನು ಒಬ್ಬಳು ಇನ್ನೊಬ್ಬಳ ಎದುರಿಗೆ ನಿಂತು ನೋಡಿ ತಿದ್ದಬೇಕು. ಕಡೆಗೆ ಚೆಂಡು: ಕೊಡುವುದು, ಎರಡು ಕಡೆಯಿಂದಲೂ ಓಡಿ ಹಾಕುವುದು, ನಾಲ್ಕಾರು ಸಾರಿ ಪೂರ್ಣ ವೇಗದ ಚಿಕ್ಕ ಓಟ, ಫ್ರೀ ಥ್ರೋ. ಬ್ರಿಟನ್ನಿನಲ್ಲಿ ಇಯಾನ್ ಜೆಫ್ರೀಸ್ ಎಂಬವರು 2007ರಲ್ಲಿ ಶಾಖವನ್ನು ಏರಿಸು, ಸ್ನಾಯುವನ್ನು ಎಚ್ಚರಿಸು, ಕೀಲನ್ನು ಬಿಡಿಸು, ಬಲವನ್ನು ಮೊನೆಗೊಳಿಸು ಎಂಬ ಇಂಥದ್ದೇ ಮೆಟ್ಟಿಲುಗಳನ್ನು ಸೂತ್ರದಂತೆ ಹೇಳಿರುವರು. ಅದನ್ನು ಓದಿದಾಗ ನನಗೆ ನಗೆಯೂ ಬಂತು, ಕಣ್ಣೀರೂ ಬಂತು. ಇಳಿಯುವುದನ್ನು ಕಲಿಸುವ ಭಾಗವೊಂದನ್ನು ಬಿಟ್ಟರೆ, ಅದು ಹೆಚ್ಚುಕಡಿಮೆ ನಮ್ಮ ಕಾವಲಿ ಪಾಠವೇ.

ಮಿತಿಯನ್ನೂ ಹೇಳಬೇಕು. ಮೈಗಾವು ಗುರಿಯನ್ನು ಕಲಿಸದು. ದಿನವೂ ಅಭ್ಯಾಸ ಮಾಡದವಳು ಎಷ್ಟು ಓಡಿದರೂ ಚೆಂಡು ಬಳೆಯ ಹೊರಗೇ ಬೀಳುವುದು. ಅತಿಯಾದರೆ ದಣಿವು; ಅದರಲ್ಲಿಯೂ ನಮ್ಮ ಕರಾವಳಿಯ ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಮೈ ಬೇಗನೆ ಕಾಯುವುದರಿಂದ ಓಟವನ್ನು ಮೊಟಕು ಮಾಡಿ, ನೆರಳಿನಲ್ಲಿ ಮಾಡಿಸಿ, ನೀರು ಕುಡಿಸಬೇಕು. ಮೈ ಕಾದ ಮೇಲೆ ಭಾಷಣಕ್ಕಾಗಿ ಮಕ್ಕಳನ್ನು ಅರ್ಧ ಗಂಟೆ ಸಾಲಾಗಿ ನಿಲ್ಲಿಸಿದರೆ ಮಾಡಿದ್ದೆಲ್ಲ ವ್ಯರ್ಥ. ಪಂದ್ಯಾಟಗಳನ್ನು ಉದ್ಘಾಟಿಸುವ ಮಹನೀಯರು ಇದನ್ನು ದಯವಿಟ್ಟು ಮನಸ್ಸಿಗೆ ತಂದುಕೊಳ್ಳಬೇಕಾಗಿ ಬಿನ್ನಹ.

ನಾನು ನಿವೃತ್ತಳಾದ 2017ನೆಯ ಇಸವಿಯ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಮಹಿಳೆಯರ ಕಪ್ಪಿನ ‘ಬಿ’ ವಿಭಾಗದ ಪಂದ್ಯಗಳು ನಡೆದವು. ತಂಗಿಯ ಮನೆಯಲ್ಲಿ ಇಳಿದುಕೊಂಡು ಅಂತಿಮ ಪಂದ್ಯಕ್ಕೆ ಹೋದೆನು. ಎಲ್ಲರೂ ಆಟ ಪ್ರಾರಂಭವಾಗುವ ಹೊತ್ತಿಗೆ ಬಂದರು. ನಾನು ಬಹಳ ಮೊದಲೇ ಹೋಗಿ ಕುಳಿತೆನು. ತಂಗಿಯು, "ಅಕ್ಕಾ, ಖಾಲಿ ಅಂಗಣದಲ್ಲಿ ಏನು ನೋಡುತ್ತೀ?" ಎಂದು ಕೇಳಿದಳು. ನಾನು ನೋಡಬೇಕೆಂದಿದ್ದುದು ಅದನ್ನೇ. ಭಾರತದ ಹುಡುಗಿಯರು ಬಂದು, ಮೆಲ್ಲನೆ ಓಡಿ, ಕಾಲು ಬೀಸಿ, ಎರಡು ಸಾಲಾಗಿ ನಿಂತು ಒಂದೊಂದಾಗಿ ಚೆಂಡು ಹಾಕತೊಡಗಿದರು. ಆ ಸಂಜೆ ಅವರು ಕಝಕಸ್ತಾನವನ್ನು 75ಕ್ಕೆ 73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿದರು. ಎರಡೇ ಎರಡು ಅಂಕ! ಅದು ಮೈಗಾವಿನಿಂದ ಬಂದ ಗೆಲುವೆಂದು ನಾನು ಹೇಳುವುದಿಲ್ಲ. ಅಷ್ಟು ಕೂದಲೆಳೆಯ ಅಂತರದಲ್ಲಿ ತೀರ್ಮಾನವಾಗುವ ಆಟದಲ್ಲಿ ಯಾವ ಬೆರಳಿನ ಅಗಲವನ್ನೂ ಬಿಟ್ಟುಕೊಡಲಾಗದೆಂದು ಮಾತ್ರ ಹೇಳುವೆನು.

ಈಗ ನಾನು ಮರಳಿ ನಮ್ಮ ಊರಿಗೆ ಬಂದು ನೆಲಸಿರುವೆನು. ವಾರಕ್ಕೆ ಎರಡು ಸಂಜೆ ಈ ಶಾಲೆಯ ಅಂಗಣಕ್ಕೆ ಹೋಗಿ ಮಕ್ಕಳಿಗೆ ಆಟ ಹೇಳಿಕೊಡುವ ಭಾಗ್ಯ ನನಗೆ ದೊರೆತಿದೆ. ಒಂದು ದಿನ ಎಂಟನೆಯ ತರಗತಿಯ ಹುಡುಗಿಯೊಬ್ಬಳನ್ನು ಕರೆದುಕೊಂಡು ಅವಳ ತಾಯಿ ಬಂದಳು. ನಡೆಯುವಾಗ ಬಲಗಾಲನ್ನು ಕೊಂಚ ಎಚ್ಚರಿಕೆಯಿಂದ ಇಡುತ್ತಿದ್ದಳು. ಆಕೆ ಹೆಸರು ಹೇಳುವುದಕ್ಕೆ ಮೊದಲೇ ನನಗೆ ಗುರುತು ಸಿಕ್ಕಿತು. ಮದುವೆಯಾಗಿ ನಮ್ಮ ಊರಿಗೆ ಬಂದಿರುವಳಂತೆ. ಇಪ್ಪತ್ತು ವರುಷಗಳ ಮೇಲಾದರೂ ಹೇಳದೆ ಉಳಿದಿದ್ದ ಮಾತನ್ನು ಆಗ ಹೇಳಿದೆನು: "ಅಮ್ಮಾ, ಅಂದು ನಿನ್ನನ್ನು ಚಳಿಯಲ್ಲಿ ಅಷ್ಟು ಹೊತ್ತು ಕುಳ್ಳಿರಿಸಿ, ಹಾಗೆಯೇ ಇಳಿಸಿದ್ದು ನನ್ನ ತಪ್ಪು." ಆಕೆ ಸ್ವಲ್ಪ ಹೊತ್ತು ನೆಲವನ್ನು ನೋಡಿದಳು. ಅನಂತರ, "ನನಗೂ ಹಾಗೆ ತೋರಿದ್ದುಂಟು ಟೀಚರ್" ಎಂದಳು. "ನೀವು ಹೇಳುವಿರೆಂದು ಎಣಿಸಿರಲಿಲ್ಲ." ಪುನಃ ಸ್ವಲ್ಪ ಸುಮ್ಮನಿದ್ದು, ಮಗಳ ಬೆನ್ನ ಮೇಲೆ ಕೈಯಿಟ್ಟು, "ಇವಳನ್ನು ಬೆಂಚಿನಲ್ಲಿ ಸುಮ್ಮನೆ ಕೂರಿಸಬೇಡಿ" ಎಂದಳು.

ಆ ಮಾತಿನಲ್ಲಿ ಕ್ಷಮೆಯಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಮಗಳನ್ನು ನನ್ನ ಕೈಗೆ ಒಪ್ಪಿಸಿ ಹೋದಳು. ಅದು ನನಗೆ ಸಾಕಾಯಿತು.

ತಾಯಿತಂದೆಗಳಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಹೆಣ್ಣು ಮಕ್ಕಳಿಗೆ ಸಂಜೆಯ ಹೊತ್ತಿನಲ್ಲಿ ಆಡಲು ಅರ್ಧ ಗಂಟೆಯೇ ಇರುವುದಾದರೆ, "ಓಟ ಗೀಟ ಬಿಟ್ಟು ಬೇಗ ಆಡಿ ಬಾ" ಎಂದು ಅವಸರಪಡಿಸಬೇಡಿರಿ. ಟ್ಯೂಷನ್ ಮುಗಿಸಿ ವಾಹನದಿಂದ ಇಳಿದವಳನ್ನು ನೇರವಾಗಿ ಪಂದ್ಯಕ್ಕೆ ನೂಕಬೇಡಿರಿ. ಇನ್ನೊಂದು ಕಾಲು ಗಂಟೆ ಕೊಡಿರಿ. ಬೆಂಚಿನಲ್ಲಿರುವ ಮಗಳು ಎದ್ದು ಓಡಾಡುವುದನ್ನು ಕಂಡು, ಆಡಲು ಕರೆಯದವಳಿಗೆ ಇದೇತಕ್ಕೆ ಎಂದು ನಾಚಬೇಡಿರಿ. ಕರೆ ಯಾವಾಗ ಬರುವುದೆಂದು ಯಾರು ಬಲ್ಲರು? ಉಪಾಧ್ಯಾಯಿನಿಯರಾಗಿರುವ ನನ್ನ ಹಳೆಯ ಸಹಪಾಠಿಗಳಿಗೂ ಒಂದು ಮಾತು: ನಮಗೆ ಕಲಿಸಿದವರ ಪದ್ಧತಿಯನ್ನು ಹಳೆಯದೆಂದು ಬಿಡುವ ಮುಂಚೆ, ಅವರು ಹಾಗೆ ಏಕೆ ಮಾಡುತ್ತಿದ್ದರೆಂದು ಒಮ್ಮೆ ಕೇಳಿ ತಿಳಿಯೋಣ. ನಾನು ಕೇಳಬಹುದಾಗಿದ್ದ ದಿನಗಳಲ್ಲಿ ಕೇಳಲಿಲ್ಲ. ಕೇಳಬೇಕೆನಿಸಿದಾಗ ನಮ್ಮ ಟೀಚರಮ್ಮನವರು ಇರಲಿಲ್ಲ.

ಹುಣಿಸೆಯ ಮರ ಮಾತ್ರ ಇನ್ನೂ ಇದೆ. ಅದರ ಬುಡಕ್ಕೆ ಈಗ ಕಟ್ಟೆ ಕಟ್ಟಿರುವರು. ಕಳೆದ ಪಂದ್ಯದಲ್ಲಿ ಐದು ನಿಮಿಷಕ್ಕೊಮ್ಮೆ ನಮ್ಮ ಬೆಂಚಿನ ಹುಡುಗಿಯರು ಎದ್ದು, ನಗುತ್ತ, ಗೊಣಗುತ್ತ, ಆ ಮರವನ್ನು ಮುಟ್ಟಿ ಬಂದರು. ಎಂಟನೆಯ ತರಗತಿಯ ಆ ಎತ್ತರದ ಹುಡುಗಿ ಎಲ್ಲರಿಗಿಂತ ಮುಂದೆ ಇದ್ದಳು. ಈ ಶಾಲೆಯ ಅಂಗಣದಲ್ಲಿ ಆಡುವ ಮಕ್ಕಳೆಲ್ಲರೂ ಬಹುಕಾಲ ಸುಖವಾಗಿ ಆಡಲೆಂದು ಹಾರೈಸಿ, ಈ ಕೆಲವು ಮಾತುಗಳನ್ನು ಮುಗಿಸುವೆನು.